ಮಾತೀಸನ ‘ಹಸಿರು ಗೆರೆ’

ಫ್ರಾನ್ಸಿನ ಚಿತ್ರಕಾರನಾದ ಆನ್ರಿ ಮಾತೀಸನು 1905ರಲ್ಲಿ ತನ್ನ ಪತ್ನಿ ಅಮೇಲಿಯ ಮುಖವನ್ನು ತೈಲವರ್ಣದಲ್ಲಿ ಬರೆದನು. ಕೋಪನ್‌ಹೇಗನ್ ನಗರದ ರಾಷ್ಟ್ರೀಯ ಚಿತ್ರಶಾಲೆಯಲ್ಲಿರುವ ಈ ಪಟದ ಎತ್ತರ ಒಂದೂವರೆ ಅಡಿಗಿಂತ ಕಡಿಮೆ. ಕೂದಲಿನ ಅಂಚಿನಿಂದ ಹಣೆಯ ನಡುವೆ ಇಳಿದು ಮೂಗಿನ ಉದ್ದಕ್ಕೂ ಹರಿಯುವ ದಪ್ಪನಾದ ಹಸಿರು ಗೆರೆಯಿಂದ ಇದಕ್ಕೆ ‘ಹಸಿರು ಗೆರೆ’ಯೆಂದೇ ಹೆಸರಾಗಿದೆ. ಪತ್ನಿಯ ರೂಪವನ್ನು ಕಲಾವಿದನು ವಿಕಾರಗೊಳಿಸಿದನೆಂದು ದೂರುವವರುಂಟು. ಆ ವಿಕಾರವೇ ಅವನ ಸ್ವಾತಂತ್ರ್ಯವೆಂದು ಹೊಗಳುವವರೂ ಉಂಟು. ಇಬ್ಬರೂ ಆ ಗೆರೆಯು ಮಾಡುವ ಕೆಲಸವನ್ನು ಲಕ್ಷಿಸಿದಂತಿಲ್ಲ.

ಮುಖದ ಉಬ್ಬುತಗ್ಗುಗಳನ್ನು ತೋರಿಸಲು ಪೂರ್ವದ ಚಿತ್ರಕಾರರು ಒಂದು ಪಾರ್ಶ್ವಕ್ಕೆ ಬೆಳಕನ್ನು ಕೊಟ್ಟು ಇನ್ನೊಂದನ್ನು ಕಂದು ನೆರಳಿನಲ್ಲಿ ಮುಳುಗಿಸುತ್ತಿದ್ದರು. ಮಾತೀಸನು ನೋಡುವವರ ಎಡಕ್ಕಿರುವ ಕೆನ್ನೆಗೆ ಹಳದಿಯನ್ನೂ ಬಲದ ಕೆನ್ನೆಗೆ ನಸುಗೆಂಪನ್ನೂ ಬಳಿದು, ಅವೆರಡೂ ಕೂಡುವೆಡೆಯಲ್ಲಿ ನೆರಳಿಗೆ ಬದಲಾಗಿ ಹಸಿರನ್ನಿಟ್ಟನು. ಪಟದ ಮುದ್ರಿತ ಪ್ರತಿಯೊಂದರಲ್ಲಿ ಆ ಗೆರೆಯನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಸಾಕು: ಮೂಗು ಅಡಗಿ, ಮುಖವು ಎರಡು ಚಪ್ಪಟೆ ತೇಪೆಗಳಾಗಿ ಬೀಳುತ್ತದೆ. ಹಿನ್ನೆಲೆಯ ಬಲಭಾಗವೂ ಹಸಿರೇ. ಎಡಕ್ಕೆ ಮೇಲೆ ನೇರಿಳೆ, ಕೆಳಗೆ ಕಿತ್ತಳೆಗೆಂಪು. ಆದುದರಿಂದ ಗೆರೆಯ ಬಣ್ಣವು ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ. ಕಾಮಸೂತ್ರದ ವ್ಯಾಖ್ಯಾನಕಾರನಾದ ಯಶೋಧರನು ಹೇಳುವ ಚಿತ್ರದ ಷಡಂಗಗಳಲ್ಲಿ ಸಾದೃಶ್ಯವೂ ವರ್ಣಿಕಾಭಂಗವೂ ಬೇರೆಬೇರೆಯಾಗಿವೆ. ಇಲ್ಲಿ ಎರಡನೆಯದೇ ಮೊದಲನೆಯದರ ಹೊರೆಯನ್ನು ಹೊತ್ತಿದೆ.

ಅದೇ ವರ್ಷ ಪ್ಯಾರಿಸಿನ ಶರತ್ಕಾಲದ ಪ್ರದರ್ಶನದಲ್ಲಿ ಅಮೇಲಿಯ ಇನ್ನೊಂದು ಪಟ, ‘ಟೋಪಿ ಧರಿಸಿದ ಹೆಂಗಸು’, ಜನರ ನಗೆಗೆ ಗುರಿಯಾಯಿತು. ಮಾತೀಸನನ್ನೂ ಅವನ ಜತೆಯವರನ್ನೂ ವಿಮರ್ಶಕ ಲೂಯಿ ವೋಸೆಲನು ‘ಕಾಡುಮೃಗಗಳು’ ಎಂದದ್ದು ಆಗಲೇ. ಅಮೇಲಿಯು ಸ್ವತಃ ಟೋಪಿಗಳ ಅಂಗಡಿಯನ್ನಿಟ್ಟು ಸಂಸಾರಕ್ಕೆ ಆಧಾರವಾಗಿದ್ದವಳು. ಆ ದೊಡ್ಡ ಪಟದಲ್ಲಿ ಟೋಪಿಯ ಆಡಂಬರವು ಅವಳನ್ನೇ ಮರೆಸುವಂತಿದೆ. ಚಿಕ್ಕ ಪಟದಲ್ಲಿ ಟೋಪಿಯಿಲ್ಲ. ನೀಲಿಗಪ್ಪು ಕೂದಲನ್ನು ನೆತ್ತಿಗೆ ಎತ್ತಿ ಕಟ್ಟಿದೆ, ಹುಬ್ಬುಗಳು ದಟ್ಟವಾಗಿವೆ, ಬಾಯಿ ಮುಚ್ಚಿದೆ. ಉಡುಪಿನ ಭಾಗದಲ್ಲಿ ಕುಂಚವು ಕೊಂಚ ಅವಸರಪಟ್ಟಿರುವುದು ನಿಜ. ಆದರೂ ವ್ಯಕ್ತಿಚಿತ್ರವೆಂಬ ದೃಷ್ಟಿಯಿಂದ ಇದೇ ಮಿಗಿಲು. ಪತಿಯು ಬರೆದ ಪತ್ನಿಯ ಚಿತ್ರವಾದರೂ ಇದರಲ್ಲಿ ಶೃಂಗಾರದ ಲೇಶವಿಲ್ಲ. ಇರುವುದು ಗಾಂಭೀರ್ಯ, ಸ್ವಲ್ಪಮಟ್ಟಿಗೆ ಹಠ.

ಈ ದಂಪತಿಗಳು 1939ರಲ್ಲಿ ಬೇರೆಯಾದರು. ಆ ಬಿರುಕನ್ನು ಹಸಿರು ಗೆರೆಯಲ್ಲಿಯೇ ಕಾಣಲೆಳಸುವವರು ಮೂವತ್ತನಾಲ್ಕು ವರ್ಷಗಳ ಮುಂದಿನ ಸಂಗತಿಯನ್ನು ಪಟದ ಮೇಲೆ ಹೊರಿಸುತ್ತಾರೆ. ಪಟದಲ್ಲಿ ಆ ಗೆರೆಯು ಎರಡು ಕೆನ್ನೆಗಳನ್ನು ಕೂಡಿಸಿ ಹಿಡಿದಿದೆ.