ಸುಟ್ಟ ಬೂಚಿನ ಮಸಿ: ಅಮೆರಿಕದ ಮಿನ್‌ಸ್ಟ್ರೆಲ್ ರಂಗಭೂಮಿಯನ್ನು ಅಳೆಯುವ ಬಗೆ

ಅಮೆರಿಕದ ನಾಟಕ ಎಂದ ಕೂಡಲೇ ನಮಗೆ ನೆನಪಾಗುವುದು ಯೂಜೀನ್ ಓನೀಲ್, ಆರ್ಥರ್ ಮಿಲ್ಲರ್, ಟೆನೆಸಿ ವಿಲಿಯಮ್ಸ್. ಆದರೆ ಓನೀಲ್ ಬರೆಯತೊಡಗುವುದಕ್ಕೆ ಎಪ್ಪತ್ತು ವರ್ಷ ಮೊದಲೇ ಆ ದೇಶ ತನ್ನದೇ ಆದ ಒಂದು ರಂಗಪ್ರಕಾರವನ್ನು ಕಟ್ಟಿಕೊಂಡಿತ್ತು. ಅದು ಲಂಡನ್ನಿನಿಂದ ತರಿಸಿಕೊಂಡದ್ದಲ್ಲ, ಅಲ್ಲಿಯೇ ಹುಟ್ಟಿ ಬೆಳೆದದ್ದು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರ ಹಾಡು, ಕುಣಿತ, ಮಾತುಗಳನ್ನು ಅಣಕಿಸುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನ ಅದು. ರಂಗಚರಿತ್ರೆಯ ಪುಸ್ತಕಗಳು ಇದನ್ನು ಒಂದು ನಾಚಿಕೆಗೇಡಿನ ಮುನ್ನುಡಿ ಎಂದು ಒಂದೆರಡು ಪುಟದಲ್ಲಿ ಮುಗಿಸಿ ಮುಂದೆ ಹೋಗುವುದುಂಟು. ನಾಚಿಕೆಗೇಡು ಎನ್ನುವುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಮುನ್ನುಡಿ ಎನ್ನುವುದನ್ನು ಮಾತ್ರ ಒಪ್ಪಲಾರೆ. ಅಮೆರಿಕದ ಜನಪ್ರಿಯ ರಂಗಭೂಮಿಯ ತಳಪಾಯವೇ ಅದು.

1830ರ ಸುಮಾರಿಗೆ ಟಿ.ಡಿ. ರೈಸ್ ಎಂಬ ಬಿಳಿಯ ನಟ ‘ಜಿಮ್ ಕ್ರೋ’ ಎಂಬ ಹಾಡುಕುಣಿತದಿಂದ ಹೆಸರು ಮಾಡಿದ. ಮುಂದೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರನ್ನು ಬೇರೆ ಇಟ್ಟ ಕಾನೂನುಗಳಿಗೆ ಅಂಟಿಕೊಂಡದ್ದು ಇದೇ ಹೆಸರು. ಆದರೆ ಒಂದು ಇಡೀ ಸಂಜೆಯ ಆಟವಾಗಿ ಮಿನ್‌ಸ್ಟ್ರೆಲ್ ರೂಪುಗೊಂಡದ್ದು 1843ರಲ್ಲಿ, ನ್ಯೂಯಾರ್ಕಿನ ಬವರಿ ಬಡಾವಣೆಯಲ್ಲಿ. ‘ವರ್ಜೀನಿಯಾ ಮಿನ್‌ಸ್ಟ್ರೆಲ್ಸ್’ ಎಂದು ಕರೆದುಕೊಂಡ ನಾಲ್ವರ ಮೇಳ ಅದು. ಅವರಲ್ಲಿ ಪ್ರಮುಖನಾದ ಡ್ಯಾನ್ ಎಮೆಟ್ ವರ್ಜೀನಿಯಾದವನಲ್ಲ, ಉತ್ತರದ ಒಹಾಯೊದವನು. ಪಿಟೀಲು, ಬ್ಯಾಂಜೊ, ಟ್ಯಾಂಬರಿನ್, ಜೊತೆಗೆ ಬೆರಳ ಸಂದಿಯಲ್ಲಿ ಹಿಡಿದು ತಾಳ ಹಾಕುವ ಮೂಳೆತುಂಡುಗಳು: ಇಷ್ಟೇ ಅವರ ಸರಂಜಾಮು. ಬಣ್ಣಗಾರಿಕೆಯೂ ಅಷ್ಟೇ ಅಗ್ಗದ್ದು. ಬಾಟಲಿಯ ಬೂಚನ್ನು ಸುಟ್ಟು, ಪುಡಿ ಮಾಡಿ, ನೀರಲ್ಲಿ ಕಲಸಿ ಮುಖಕ್ಕೆ ಹಚ್ಚಿಕೊಳ್ಳುವುದು. ತುಟಿಯ ಸುತ್ತ ಅಗಲವಾಗಿ ಜಾಗ ಬಿಟ್ಟು ಬಾಯಿಯನ್ನು ದೊಡ್ಡದಾಗಿ ಕಾಣಿಸುವುದು. ಅಲ್ಲಿಗೆ ಮುಖದ ಸೂಕ್ಷ್ಮ ಭಾವವೆಲ್ಲ ಅಳಿಸಿಹೋಗುತ್ತದೆ. ಉಳಿಯುವುದು ಹೊರಳುವ ಕಣ್ಣು ಮತ್ತು ತೆರೆದ ಬಾಯಿ.

ಎಡ್ವಿನ್ ಕ್ರಿಸ್ಟಿಯ ಮೇಳ 1847ರಿಂದ ಏಳು ವರ್ಷ ನ್ಯೂಯಾರ್ಕಿನ ಬ್ರಾಡ್‌ವೇಯ ಮೆಕ್ಯಾನಿಕ್ಸ್ ಹಾಲಿನಲ್ಲಿ ಬೀಡುಬಿಟ್ಟಿತು. ಆಟಕ್ಕೆ ಒಂದು ಗಟ್ಟಿ ಚೌಕಟ್ಟು ಒದಗಿದ್ದು ಇಂಥ ಮೇಳಗಳಿಂದಲೇ. ಮೊದಲ ಭಾಗದಲ್ಲಿ ಎಲ್ಲರೂ ಅರ್ಧಚಂದ್ರಾಕಾರದಲ್ಲಿ ಕೂರುತ್ತಾರೆ. ನಡುವೆ ಗತ್ತಿನ ನಿರೂಪಕ, ಎರಡು ತುದಿಗಳಲ್ಲಿ ಟ್ಯಾಂಬೊ, ಬೋನ್ಸ್ ಎಂಬ ಇಬ್ಬರು ನಗೆಗಾರರು. ನಿರೂಪಕ ಗಂಭೀರವಾಗಿ ಕೇಳುತ್ತಾನೆ, ತುದಿಯವರು ಅವನ ಮಾತನ್ನು ತಿರುಚಿ ಅವನನ್ನೇ ಪೇಚಿಗೆ ಸಿಕ್ಕಿಸುತ್ತಾರೆ. ಎರಡನೆಯ ಭಾಗ ‘ಓಲಿಯೊ’ ನಡೆಯುತ್ತಿದ್ದುದು ಇಳಿಬಿಟ್ಟ ಪರದೆಯ ಮುಂದೆ. ಹಿಂದೆ ಮುಂದಿನ ದೃಶ್ಯದ ಸಜ್ಜು ಸಾಗುತ್ತಿದ್ದರೆ ಮುಂದೆ ಹಾಡು, ಕುಣಿತ, ದೊಡ್ಡ ಪದಗಳನ್ನು ತಪ್ಪುತಪ್ಪಾಗಿ ಉದುರಿಸುವ ಅಣಕು ಭಾಷಣ. ನಮ್ಮ ಕಂಪನಿ ನಾಟಕಗಳಲ್ಲಿ ರಸ್ತೆಯ ಪರದೆಯ ಮುಂದೆ ಹಾಸ್ಯದ ಜೋಡಿ ಬಂದು ಹೋಗುವುದನ್ನು ಕಂಡವರಿಗೆ ಈ ಉಪಾಯ ಹೊಸದೆನಿಸದು. ಕೊನೆಯಲ್ಲಿ ತೋಟದ ಬದುಕಿನ ಒಂದು ಪ್ರಹಸನ. ಅಲ್ಲಿ ಗುಲಾಮರು ಸದಾ ನಗುತ್ತಿರುತ್ತಾರೆ, ಚಾಟಿಯ ಸುಳಿವೇ ಇರುವುದಿಲ್ಲ.

ಈ ಚೌಕಟ್ಟಿನ ಒಂದೊಂದು ತುಂಡೂ ಮುಂದೆ ಬೇರೆ ಬೇರೆ ಹೆಸರಿನಲ್ಲಿ ಬದುಕಿತು. ನಿರೂಪಕ ಮತ್ತು ತುದಿಯವರ ಜಟಾಪಟಿ ಹಾಸ್ಯಜೋಡಿಗಳಾಯಿತು. ಅಣಕು ಭಾಷಣದಿಂದ ಒಂಟಿ ಹಾಸ್ಯಗಾರ ಹುಟ್ಟಿದ. ಓಲಿಯೊ ಬೆಳೆದು ವೈವಿಧ್ಯ ಪ್ರದರ್ಶನವಾಯಿತು, ಅಲ್ಲಿಂದ ವಾಡೆವಿಲ್ ಆಯಿತು. ಆದ್ದರಿಂದಲೇ ಇದನ್ನು ತಳಪಾಯ ಎಂದೆ.

ಈ ಪರಂಪರೆಯನ್ನು ಅಳೆದ ಪುಸ್ತಕಗಳಲ್ಲಿ ಎರಡು ಮುಖ್ಯವಾದವು. ರಾಬರ್ಟ್ ಟಾಲ್ ಅವರ ‘ಬ್ಲ್ಯಾಕಿಂಗ್ ಅಪ್’ (1974) ಇಡೀ ಪ್ರಕಾರದ ಚರಿತ್ರೆಯನ್ನು ಜೋಡಿಸಿಕೊಟ್ಟಿತು. ಎರಿಕ್ ಲಾಟ್ ಅವರ ‘ಲವ್ ಅಂಡ್ ಥೆಫ್ಟ್’ (1993) ಒಂದು ಹೆಜ್ಜೆ ಮುಂದೆ ಹೋಗಿ, ಉತ್ತರದ ನಗರಗಳ ಬಿಳಿಯ ಕೂಲಿಕಾರರಿಗೆ ಕಪ್ಪು ಸಂಸ್ಕೃತಿಯ ಬಗ್ಗೆ ತಿರಸ್ಕಾರದ ಜೊತೆಗೇ ಒಂದು ಸೆಳೆತವೂ ಇತ್ತು, ಆ ಎರಡೂ ಮಸಿಮುಖದಲ್ಲಿ ಬೆರೆತಿದ್ದವು ಎಂದು ವಾದಿಸಿತು. ಬಹಳ ಸೂಕ್ಷ್ಮವಾದ ಓದು ಅದು. ಆದರೆ ಸೆಳೆತವೆಂಬುದು ನೋಡುವವನ ಒಳಗಿನ ಸಂಗತಿ. ಯಾರ ಹಾಡನ್ನು ಹಾಡಿದರೋ ಅವರನ್ನು ಅದು ಎಲ್ಲಿ ನಿಲ್ಲಿಸಿತು ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ವಿಲಿಯಂ ಹೆನ್ರಿ ಲೇನ್‌ನನ್ನು ನೋಡಿ. ‘ಮಾಸ್ಟರ್ ಜೂಬಾ’ ಎಂಬ ಹೆಸರಿನಲ್ಲಿ ಕುಣಿಯುತ್ತಿದ್ದ ಕಪ್ಪು ತರುಣ ಈತ. ಚಾರ್ಲ್ಸ್ ಡಿಕನ್ಸ್ 1842ರಲ್ಲಿ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಕೇರಿಯ ನೆಲಮಾಳಿಗೆಯಲ್ಲಿ ಕಂಡು ಬೆರಗಾಗಿ ಬಣ್ಣಿಸಿದ ನರ್ತಕ ಇವನೇ ಎಂದು ನಂಬಲಾಗಿದೆ. ಐರಿಷ್ ಜಿಗ್ ಮತ್ತು ಆಫ್ರಿಕದ ಲಯ ಅವನ ಕಾಲುಗಳಲ್ಲಿ ಕೂಡಿದವು. ಇಂದಿನ ಟ್ಯಾಪ್ ನೃತ್ಯದ ಬೇರು ಹುಡುಕಿದರೆ ಅಲ್ಲಿಗೇ ಹೋಗಬೇಕು. ಬಿಳಿಯರ ಮೇಳದೊಂದಿಗೆ 1848ರಲ್ಲಿ ಲಂಡನ್ನಿಗೆ ಹೋದವನು ಮೂವತ್ತು ತುಂಬುವ ಮೊದಲೇ ಸತ್ತ. ಅವನಿಂದ ಕಲಿತವರು, ಕದ್ದವರು ದಶಕಗಟ್ಟಲೆ ಆ ಕುಣಿತದಿಂದ ಸಂಪಾದಿಸಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ನಡೆಸುತ್ತಿದ್ದ ಫ್ರೆಡರಿಕ್ ಡಗ್ಲಸ್ ಅದೇ 1848ರಲ್ಲಿ ಮಸಿಮುಖದ ನಟರನ್ನು ಕಟುವಾಗಿ ಖಂಡಿಸಿ, ಪ್ರಕೃತಿ ತಮಗೆ ಕೊಡದ ಮೈಬಣ್ಣವನ್ನು ಕದ್ದು ದುಡ್ಡು ಮಾಡುವವರು ಎಂದು ಬರೆದ. ಮರುವರ್ಷ ಕಪ್ಪುಜನರೇ ಇದ್ದ ಒಂದು ಮೇಳವನ್ನು ನೋಡಿ ಬಂದ. ಅವರೂ ಅತಿರೇಕದ ಅಣಕಕ್ಕೆ ಇಳಿದದ್ದು ಅವನಿಗೆ ಹಿಡಿಸಲಿಲ್ಲ. ಆದರೂ ಕಪ್ಪು ಮನುಷ್ಯ ಬಿಳಿಯ ಪ್ರೇಕ್ಷಕರ ಮುಂದೆ ನಿಲ್ಲುವಂತಾದದ್ದೇ ಒಂದು ಗಳಿಕೆ ಎಂದ. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಂಡ ಡಗ್ಲಸ್‌ನೇ, ನನ್ನ ಮಟ್ಟಿಗೆ, ಈ ಪರಂಪರೆಯ ಮೊದಲ ನಿಜವಾದ ವಿಮರ್ಶಕ.

ಅಂತರ್ಯುದ್ಧ ಮುಗಿದ ಮೇಲೆ ಕಪ್ಪು ಕಲಾವಿದರ ಮೇಳಗಳೇ ಎದ್ದವು. ಚಾರ್ಲ್ಸ್ ಹಿಕ್ಸ್ 1865ರಲ್ಲಿ ‘ಜಾರ್ಜಿಯಾ ಮಿನ್‌ಸ್ಟ್ರೆಲ್ಸ್’ ಕಟ್ಟಿದ. ಆಟ ಚೆನ್ನಾಗಿ ಓಡಿದಾಗ ಒಡೆತನ ಬಿಳಿಯ ವ್ಯಾಪಾರಿಗಳ ಕೈಸೇರಿತು. ಅವರು ಮಾರಿದ್ದು ಒಂದೇ ಸರಕು: ಇವರು ಅಣಕಿಸುವವರಲ್ಲ, ಸಾಕ್ಷಾತ್ ತೋಟದಿಂದ ಬಂದವರು. ಹೀಗಾಗಿ ಕಪ್ಪು ನಟ ತನ್ನದೇ ವ್ಯಂಗ್ಯಚಿತ್ರಕ್ಕೆ ಸಾಕ್ಷಿ ಹೇಳಬೇಕಾಯಿತು. ಆದರೆ ಹೊಟ್ಟೆಪಾಡಿಗೆ, ಊರೂರು ತಿರುಗಲಿಕ್ಕೆ, ವಾದ್ಯ ಕಲಿಯಲಿಕ್ಕೆ ಅವನಿಗೆ ತೆರೆದಿದ್ದ ಬಾಗಿಲು ಹೆಚ್ಚುಕಡಿಮೆ ಅದೊಂದೇ. ಬ್ಲೂಸ್ ಸಂಗೀತವನ್ನು ಅಚ್ಚಿಗೆ ತಂದ ಡಬ್ಲ್ಯು.ಸಿ. ಹ್ಯಾಂಡಿ ಮಹಾರಾ ಮಿನ್‌ಸ್ಟ್ರೆಲ್ ಮೇಳದಲ್ಲಿ ಪಳಗಿದವನು. ಬ್ಲೂಸ್ ಗಾಯಕಿ ಮಾ ರೇನಿ ಡೇರೆ ಪ್ರದರ್ಶನಗಳಲ್ಲಿ ಹಾಡಿ ಬೆಳೆದವಳು. ಅವರನ್ನು ಶರಣಾದವರು ಎನ್ನಲು ನನಗೆ ಮನಸ್ಸು ಬಾರದು.

ಇದೆಲ್ಲ ಒಬ್ಬ ನಟನಲ್ಲಿ ಸಾಂದ್ರವಾಗಿ ಸಿಗುವುದು ಬರ್ಟ್ ವಿಲಿಯಮ್ಸ್‌ನಲ್ಲಿ. ಬಹಾಮಾಸಿನಲ್ಲಿ 1874ರಲ್ಲಿ ಹುಟ್ಟಿದ ತಿಳಿಬಣ್ಣದ ಮನುಷ್ಯ. ರಂಗದ ಮೇಲೆ ಆಡಿದ ದಕ್ಷಿಣದ ಕಪ್ಪು ಆಡುಮಾತು ಅವನಿಗೆ ಮನೆಮಾತಲ್ಲ, ಕಷ್ಟಪಟ್ಟು ಕಲಿತದ್ದು. ಮಸಿ ಹಚ್ಚಿಕೊಂಡ ಮೇಲೆಯೇ ತನ್ನನ್ನು ಬೇರೊಬ್ಬನಂತೆ ನೋಡಲು ಸಾಧ್ಯವಾಗಿ ತನ್ನ ಹಾಸ್ಯ ಕೈಗೆ ಬಂತೆಂದು ಅವನೇ ಬರೆದುಕೊಂಡಿದ್ದಾನೆ. ಜೊತೆಗಾರ ಜಾರ್ಜ್ ವಾಕರ್ ಮಸಿ ಹಚ್ಚುತ್ತಿರಲಿಲ್ಲ. ಅವನದು ಶೋಕಿಲಾಲನ ಪಾತ್ರ. ಇಬ್ಬರೂ ಸೇರಿ ಪ್ರಧಾನ ಪಾತ್ರ ವಹಿಸಿದ ‘ಇನ್ ದಹೋಮಿ’ ಎಂಬ ಸಂಗೀತನಾಟಕ 1903ರಲ್ಲಿ ಬ್ರಾಡ್‌ವೇ ಏರಿತು. ಸಂಗೀತ ವಿಲ್ ಮೇರಿಯನ್ ಕುಕ್‌ನದು, ಹಾಡುಗಳು ಕವಿ ಪಾಲ್ ಲಾರೆನ್ಸ್ ಡನ್‌ಬಾರ್‌ನವು. ಬರೆದವರು, ಆಡಿದವರು ಎಲ್ಲ ಕಪ್ಪುಜನ. ಕಪ್ಪು ಪ್ರೇಕ್ಷಕರಿಗೆ ಮಾತ್ರ ಮೇಲಿನ ಗ್ಯಾಲರಿಯೇ ಗತಿ. ಅದೇ ವರ್ಷ ಬೇಸಿಗೆಯಲ್ಲಿ ಆ ಮೇಳ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆಡಿತು.

ವಾಕರ್ 1911ರಲ್ಲಿ ತೀರಿಕೊಂಡ. ಅದಕ್ಕೆ ಮೊದಲೇ, 1910ರಲ್ಲಿ, ವಿಲಿಯಮ್ಸ್ ಒಬ್ಬನೇ ‘ಝೀಗ್‌ಫೆಲ್ಡ್ ಫಾಲೀಸ್’ ಎಂಬ ಬಿಳಿಯರ ಅದ್ದೂರಿ ಹಾಡುಕುಣಿತದ ಪ್ರದರ್ಶನ ಸೇರಿಕೊಂಡಿದ್ದ. ಅವನ ಪೋಕರ್ ಆಟದ ಮೂಕಾಭಿನಯ 1916ರ ‘ಎ ನ್ಯಾಚುರಲ್ ಬಾರ್ನ್ ಗ್ಯಾಂಬ್ಲರ್’ ಎಂಬ ಮೂಕಿ ಚಿತ್ರದಲ್ಲಿ ಉಳಿದಿದೆ. ಜೂಜಾಡಿ ಜೈಲು ಸೇರಿದವನು ಒಬ್ಬನೇ ಕೂತು, ಇಲ್ಲದ ಎಲೆಗಳನ್ನು ಇಲ್ಲದ ಜೊತೆಗಾರರಿಗೆ ಹಂಚುತ್ತಾನೆ. ತನ್ನ ಎಲೆಗಳನ್ನು ಎತ್ತಿ ನೋಡುತ್ತಾನೆ. ಪಣ ಏರುತ್ತದೆ. ಎದುರಿನವನ ಮೇಲೆ ಅನುಮಾನ. ಕೊನೆಗೆ ಸೋಲು. ಒಂದು ಮಾತಿಲ್ಲ, ಎದ್ದು ಬೀಳುವ ಕಸರತ್ತಿಲ್ಲ. ಮಸಿಯ ವೇಷ ಯಾವ ಸೂಕ್ಷ್ಮವನ್ನು ಅಳಿಸಲೆಂದೇ ಹುಟ್ಟಿತ್ತೋ ಅದನ್ನೆಲ್ಲ ಅವನು ರೆಪ್ಪೆ, ಬೆರಳು, ಹೆಗಲುಗಳಿಂದ ಮರಳಿ ತಂದ. ಮಿನ್‌ಸ್ಟ್ರೆಲ್ ಪರಂಪರೆ ಕಂಡ ಅತ್ಯಂತ ದೊಡ್ಡ ಕಲೆ ಆ ಪರಂಪರೆಯನ್ನೇ ಸೋಲಿಸಿದ ಕಲೆ ಎಂಬುದು ನನ್ನ ತೀರ್ಮಾನ. ಇಷ್ಟಾದರೂ ಅವನಿಗೆ ಗಂಭೀರ ಪಾತ್ರ ಸಿಗಲಿಲ್ಲ, ಮಸಿ ಅಳಿಸುವ ಅವಕಾಶ ಬರಲಿಲ್ಲ. 1922ರಲ್ಲಿ ತೀರಿಕೊಂಡ. ಆಗ ಅವನಿಗೆ ಐವತ್ತೂ ಆಗಿರಲಿಲ್ಲ. ಈ ನಷ್ಟವನ್ನು ಯಾವ ಸೆಳೆತದ ಸಿದ್ಧಾಂತವೂ ತುಂಬಿಕೊಡದು.

ಈ ಹೊತ್ತಿಗೆ ಬಿಳಿಯರ ವೃತ್ತಿಮೇಳಗಳು ಸೊರಗಿದ್ದವು. ನ್ಯೂಯಾರ್ಕಿನ ರಂಗಮಾಲೀಕ ಟೋನಿ ಪಾಸ್ಟರ್ 1881ರಲ್ಲಿ ಹೆಂಗಸರು, ಮಕ್ಕಳು ಬರಬಹುದಾದ ವಾಡೆವಿಲ್ ಶುರುಮಾಡಿದ್ದ. ಕೀತ್ ಮತ್ತು ಆಲ್ಬಿ ಎಂಬ ರಂಗೋದ್ಯಮಿಗಳು ಅದನ್ನು ದೇಶವ್ಯಾಪಿ ಸರಪಳಿಯನ್ನಾಗಿಸಿದರು. ಮಸಿಯ ಮುಖ ಅಲ್ಲಿ ಇಡೀ ಸಂಜೆಯ ಬದಲು ಹನ್ನೆರಡು ನಿಮಿಷದ ಐಟಂ ಆಗಿ ಉಳಿಯಿತು. 1927ರ ‘ದ ಜಾಝ್ ಸಿಂಗರ್’ ಮೂಲಕ ಮಾತಾಡುವ ಸಿನಿಮಾಕ್ಕೂ ದಾಟಿತು.

ಮಿನ್‌ಸ್ಟ್ರೆಲ್ ಕಪ್ಪು ಮನುಷ್ಯನಿಗೆ ಹಸಿವು, ಭಯ, ಕಳ್ಳತನ, ಕುಣಿತ ಎಲ್ಲವನ್ನೂ ಕೊಟ್ಟಿತ್ತು, ಗಂಭೀರವಾದ ಪ್ರೀತಿಯನ್ನು ಕೊಟ್ಟಿರಲಿಲ್ಲ. ಪ್ರೇಮದ ಮಾತು ಬಂದರೆ ಅದು ನಗೆಗೆ ಮಾತ್ರ. 1921ರ ‘ಶಫಲ್ ಅಲಾಂಗ್’ ಎಂಬ ಸಂಗೀತನಾಟಕ ಈ ಕಟ್ಟನ್ನು ಮುರಿಯಿತು. ಯೂಬಿ ಬ್ಲೇಕ್ ಸಂಗೀತ ಕೊಟ್ಟು ನೋಬಲ್ ಸಿಸಲ್ ಬರೆದ ಒಂದು ಪ್ರೇಮಗೀತೆಯನ್ನು ಕಪ್ಪು ನಾಯಕ, ನಾಯಕಿ ಯಾವ ಅಣಕವೂ ಇಲ್ಲದೆ ಹಾಡಿದರು. ಪ್ರೇಕ್ಷಕರು ಕೆರಳಿಯಾರೆಂಬ ಅಂಜಿಕೆಯಿಂದ ತಾವು ಹೊರಬಾಗಿಲ ಹತ್ತಿರ ಓಡಲು ಸಿದ್ಧರಾಗಿ ನಿಂತಿದ್ದೆವೆಂದು ಸಿಸಲ್ ಮುಂದೆ ನೆನೆಯುತ್ತಿದ್ದ. ಬಂದದ್ದು ಚಪ್ಪಾಳೆ. ಸುಮಾರು ಐನೂರು ಪ್ರಯೋಗ ಕಂಡ ನಾಟಕ ಅದು. ಆದರೆ ಅದೇ ನಾಟಕದಲ್ಲಿ ಕಥೆ ಬರೆದ ಮಿಲ್ಲರ್ ಮತ್ತು ಲೈಲ್ಸ್ ಮಸಿ ಹಚ್ಚಿಕೊಂಡೇ ನಗಿಸಿದರು.

ಈ ಕಾರಣಕ್ಕೇ ಮೂಲ ‘ಶಫಲ್ ಅಲಾಂಗ್’ ಅನ್ನು ಇಂದು ಹಾಗೆಯೇ ಆಡುವುದು ಕಷ್ಟ. ನಿರ್ದೇಶಕ ಜಾರ್ಜ್ ಸಿ. ವುಲ್ಫ್ 2016ರಲ್ಲಿ ಅದನ್ನು ಮರಳಿ ತರುವಾಗ ಮೂಲ ಕಥೆಯನ್ನು ಬದಿಗಿಟ್ಟು, ನಾಟಕ ಕಟ್ಟಿದವರ ಕಥೆಯನ್ನು ರಂಗಕ್ಕೆ ತಂದರು. ಅದಕ್ಕೆ ಬ್ರಾಡ್‌ವೇಯ ಟೋನಿ ಪ್ರಶಸ್ತಿಗಳಿಗೆ ಹತ್ತು ನಾಮನಿರ್ದೇಶನಗಳು ಬಂದವು, ಒಂದು ಪ್ರಶಸ್ತಿಯೂ ಸಿಗಲಿಲ್ಲ. ಬೇಸಿಗೆ ಮುಗಿಯುವ ಮೊದಲೇ ಆಟ ನಿಂತಿತು. ವುಲ್ಫ್ ಮಾಡಿದ್ದು ರಂಗಕ್ಕೆ ಸರಿಯಾದ ಆಯ್ಕೆ. ಆದರೆ ನಟನೆ ಕಲಿಸುವ ಶಾಲೆಗಳಲ್ಲಿ ಮಿಲ್ಲರ್–ಲೈಲ್ಸ್ ಬರೆದ ಆ ಮೂಲ ಹಾಸ್ಯಪ್ರಸಂಗಗಳನ್ನೂ ಗಟ್ಟಿಯಾಗಿ ಓದಬೇಕು, ವಿಲಿಯಮ್ಸ್‌ನ ಪೋಕರ್ ಆಟವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಯಾವ ನಗೆ ಮಸಿಯಿಂದ ಹುಟ್ಟಿತು, ಯಾವುದು ಅದನ್ನು ಮೀರಿ ಹುಟ್ಟಿತು ಎಂದು ಬಿಡಿಸಿ ಹೇಳಲು ಬೇರೆ ದಾರಿ ನನಗೆ ಕಾಣುತ್ತಿಲ್ಲ.