ಫೈಲಿನ ದಾರಿ ಶಾಸನದ ಗುರುತಲ್ಲ: ಒಂದು ಚಿತ್ರಭಂಡಾರದ ಎಪಿಐ ಬಗ್ಗೆ

ಶಾಸನಗಳ ಫೋಟೋ, ಪಡಿಯಚ್ಚು, ತ್ರಿಡಿ ಸ್ಕ್ಯಾನುಗಳನ್ನು ಇಟ್ಟಿರುವ ಒಂದು ಭಂಡಾರದ ವೆಬ್ ಎಪಿಐಯನ್ನು ಕೆಲವು ತಿಂಗಳಿಂದ ಬಳಸುತ್ತಿದ್ದೇನೆ. ಎಪಿಐ ಅಂದರೆ ನಮ್ಮ ಪ್ರೋಗ್ರಾಂ ಅವರ ಸರ್ವರಿನಿಂದ ಫೈಲು ಕೇಳಿ ಪಡೆಯುವ ಬಾಗಿಲು. ಭಂಡಾರದ ಹೆಸರು ಬೇಡ, ಇದೇ ದೋಷ ಬೇರೆ ಕಡೆಯೂ ಕಂಡಿದ್ದೇನೆ. ಬಳಸುವವರ ದೂರು ಒಂದೇ: ತುಂಬಾ ನಿಧಾನ. ದೊಡ್ಡ ಸರ್ವರ್ ತಂದರೆ ಸರಿಹೋಗುತ್ತೆ ಅಂತ ನಡೆಸುವವರ ನಂಬಿಕೆ. ನನಗೆ ಹಾಗನ್ನಿಸುವುದಿಲ್ಲ. ತೊಡಕಿರುವುದು ಯಂತ್ರದಲ್ಲಲ್ಲ, ರಚನೆಯಲ್ಲಿ.

ಅಲ್ಲಿ ಫೈಲಿನ ಗುರುತು ಅಂದರೆ ಅದರ ಫೋಲ್ಡರಿನ ದಾರಿ: ಜಿಲ್ಲೆ, ತಾಲ್ಲೂಕು, ಊರು, ಕೊನೆಗೆ ಕ್ಯಾಮೆರಾ ಕೊಟ್ಟ ಹೆಸರು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ಹಂಪಿ ಬಳ್ಳಾರಿ ಜಿಲ್ಲೆಯಿಂದ ಹೊರಬಂತು. ಇಂಥ ರಚನೆಯಲ್ಲಿ ಆಗುವುದೇನು? ಫೋಲ್ಡರನ್ನು ಸರಿಸಿದರೆ ಹಳೆಯ ಲೇಖನಗಳ ಕೊಂಡಿಗಳೆಲ್ಲ 404. ಸರಿಸದಿದ್ದರೆ ವಿಳಾಸವೇ ಸುಳ್ಳು.

ಶಾಸನ ಓದುವವರಿಗೆ ಈ ಪಾಠ ಹೊಸದಲ್ಲ. ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. 1889ರಲ್ಲಿ ರೈಸ್ ಪ್ರಕಟಿಸಿದ್ದು 144 ಶಾಸನ. 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ 500 ಆದವು, 1973ರ ಆವೃತ್ತಿಯಲ್ಲಿ 573. ಸಂಖ್ಯೆಗಳು ಬದಲಾದವು. ಆದರೂ ಕೊಂಡಿ ಕಡಿಯಲಿಲ್ಲ, ಯಾಕೆಂದರೆ ಹೊಸ ಸಂಖ್ಯೆಯ ಪಕ್ಕದಲ್ಲೇ ಹಳೆಯದನ್ನೂ ಹಿಡಿದಿಟ್ಟರು. ‘127 (47)’ ಎಂಬ ಉಲ್ಲೇಖ ಕಂಡ ಕೂಡಲೇ ನಮಗೆ ಎರಡೂ ಆವೃತ್ತಿ ಸಿಗುತ್ತವೆ. ಎಪಿಐ ಮಾಡಬೇಕಾದ್ದೂ ಇಷ್ಟೇ. ಪ್ರತಿ ಫೈಲಿಗೆ ಅರ್ಥವಿಲ್ಲದ, ಬದಲಾಗದ ಒಂದು ಸಂಖ್ಯೆ ಕೊಡಿ. ಜಿಲ್ಲೆ, ತಾಲ್ಲೂಕುಗಳನ್ನು ವಿವರದ ಅಂಕಣಕ್ಕೆ ಹಾಕಿ. ಹಳೆಯ ದಾರಿಯಲ್ಲಿ ಬಂದವರನ್ನು 301 ಉತ್ತರದಿಂದ ಹೊಸ ವಿಳಾಸಕ್ಕೆ ಕಳಿಸಿ.

ಎರಡನೆಯ ದೋಷ ಇನ್ನೂ ಗಂಭೀರ. ಅದೇ ಹೆಸರಿನಲ್ಲಿ ಹೊಸ ಫೋಟೋ ಏರಿಸಿದರೆ ಹಳೆಯದು ಅಳಿದೇ ಹೋಗುತ್ತದೆ. ಒಂದು ವೀರಗಲ್ಲಿನ ಮೂರನೆಯ ಸಾಲಿನಲ್ಲಿ ಸವೆದ ಅಕ್ಷರವೊಂದನ್ನು ಇಲ್ಲಿಯ ಫೋಟೋ ನೋಡಿಯೇ ಓದಿದ್ದೆ, ಕೊಂಡಿಯನ್ನೂ ಕೊಟ್ಟಿದ್ದೆ. ಆಮೇಲೆ ಊರವರು ಭಕ್ತಿಯಿಂದ ಕಲ್ಲಿಗೆ ಬಣ್ಣ ಬಳಿದರು. ಯಾರೋ ‘ಚೆನ್ನಾಗಿರುವ’ ಹೊಸ ಫೋಟೋ ಏರಿಸಿದರು. ಈಗ ನನ್ನ ಕೊಂಡಿ ಒತ್ತಿದವರಿಗೆ ಕಾಣುವುದು ಬಣ್ಣದ ಕಲ್ಲು. ಆ ಅಕ್ಷರ ಕಲ್ಲಿನಲ್ಲೂ ಇಲ್ಲ, ಭಂಡಾರದಲ್ಲೂ ಇಲ್ಲ. ನನ್ನ ಓದು ಸರಿಯೋ ತಪ್ಪೋ ಪರೀಕ್ಷಿಸಲು ಯಾರಿಗೂ ದಾರಿ ಉಳಿದಿಲ್ಲ. ಹಳೆಯ ಪಡಿಯಚ್ಚು ಮಸುಕಾಗಿದೆ ಅಂತ ಅದನ್ನು ಹರಿದುಹಾಕಿ ಹೊಸದು ಇಡುತ್ತೀವಾ? ಎರಡನ್ನೂ ಇಡುತ್ತೇವೆ. ಫೈಲಿಗೂ ಅದೇ ನ್ಯಾಯ.

ಈಗ ವೇಗದ ಮಾತು. ಯಾವ ಫೈಲು ಯಾವಾಗ ಬದಲಾಗುತ್ತೋ ಗೊತ್ತಿಲ್ಲದ ಕಾರಣ ಈ ಸರ್ವರ್ ಬ್ರೌಸರಿಗೆ ‘ಏನನ್ನೂ ಇಟ್ಟುಕೊಳ್ಳಬೇಡ’ ಅನ್ನುತ್ತದೆ. ಹಾಗಾಗಿ ಒಂದೇ ಚಿತ್ರವನ್ನು ಹತ್ತು ಸಲ ನೋಡಿದರೆ ಹತ್ತು ಸಲವೂ ಪೂರ್ತಿ ಇಳಿಯುತ್ತದೆ. ಒಮ್ಮೆ ಏರಿದ ಫೈಲು ಬದಲಾಗುವುದೇ ಇಲ್ಲ ಅಂತ ನಿಯಮ ಮಾಡಿದರೆ ‘ಒಂದು ವರ್ಷ ಇಟ್ಟುಕೋ’ ಅಂತ ಧೈರ್ಯವಾಗಿ ಹೇಳಬಹುದು. ಬದಲಾಗುವ ವಿವರಗಳಿಗೆ ಇಟ್ಯಾಗ್ ಕೊಟ್ಟರೆ ಸಾಕು. ಬದಲಾಗಿಲ್ಲದಿದ್ದರೆ 304 ಅನ್ನುವ ಪುಟ್ಟ ಉತ್ತರದಲ್ಲಿ ಕೆಲಸ ಮುಗಿಯುತ್ತದೆ. ಸಾಕ್ಷ್ಯ ಉಳಿಸುವ ನಿಯಮವೇ ವೇಗವನ್ನೂ ಕೊಡುತ್ತದೆ.

ಉಳಿದವು ಸಣ್ಣ ರಿಪೇರಿಗಳು. ಪಟ್ಟಿ ಕೇಳಿದರೆ ಇಡೀ ಫೋಲ್ಡರನ್ನು, ಚಿತ್ರಗಳನ್ನೂ ಬೇಸ್64 ಮಾಡಿ ಜೇಸನ್ ಒಳಗೆ ತುರುಕಿ ಕಳಿಸುತ್ತಾರೆ. ಬೇಸ್64ರಲ್ಲಿ 3 ಬೈಟು 4 ಆಗುತ್ತದೆ, ಅಂದರೆ ಮೂರನೇ ಒಂದು ಪಾಲು ದಂಡ. ವಿವರ ಮತ್ತು ಕೊಂಡಿಗಳನ್ನು ಮಾತ್ರ ಐವತ್ತೈವತ್ತರಂತೆ ಕೊಡಲಿ. ಪುಟಸಂಖ್ಯೆಯ ಬದಲು ‘ಈ ಸಂಖ್ಯೆಯ ನಂತರದವು’ ಅಂತ ಕೇಳುವಂತಿರಲಿ. ಇಲ್ಲದಿದ್ದರೆ ನಡುವೆ ಹೊಸ ಫೈಲು ಸೇರಿದಾಗ ಕೆಲವು ಎರಡು ಸಲ ಬರುತ್ತವೆ, ಅಳಿದಾಗ ಕೆಲವು ತಪ್ಪಿಹೋಗುತ್ತವೆ. ಐದನೇ ಸಾಲು ಮಾತ್ರ ಬೇಕಾದವರಿಗೆ ಇಡೀ ಚಿತ್ರ ಯಾಕೆ? ಟ್ರಿಪಲ್ ಐ ಎಫ್ ಇಮೇಜ್ ಎಪಿಐಯಲ್ಲಿ ಬೇಕಾದ ಭಾಗ, ಅಳತೆಗಳನ್ನು ವಿಳಾಸದಲ್ಲೇ ಕೇಳಬಹುದು. ತ್ರಿಡಿ ಸ್ಕ್ಯಾನಿನಂಥ ಭಾರದ ಫೈಲಿಗೆ ರೇಂಜ್ ಸೌಲಭ್ಯ ಬೇಕು. ಹಳ್ಳಿಯ ನೆಟ್‌ವರ್ಕ್ ನಡುವೆ ಕೈಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಸಬಹುದು.

ಮೆಚ್ಚಬೇಕಾದ್ದೂ ಇದೆ. ಫೋಟೋ ತೆಗೆದ ದಿನ, ಕಲ್ಲಿನ ಅಳತೆ ಎರಡನ್ನೂ ತಪ್ಪದೆ ದಾಖಲಿಸಿದ್ದಾರೆ, ಲಾಗಿನ್ ಕಾಟವೂ ಇಲ್ಲ. ಎಲ್ಲ ಪ್ರತಿ ಇಟ್ಟರೆ ಜಾಗದ ಖರ್ಚು ಹೆಚ್ಚುತ್ತದೆ ಅನ್ನುವ ಆಕ್ಷೇಪವೂ ನ್ಯಾಯವೇ. ಆದರೆ ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತ ಬರೆದಿಟ್ಟರೆ, ಒಂದೇ ಫೈಲನ್ನು ಮೂವರು ಏರಿಸಿದರೂ ಒಂದೇ ಪ್ರತಿ ಸಾಕು. ಮುಂದೆ ಫೈಲು ಕೆಟ್ಟಿದೆಯಾ ಅಂತ ಪರೀಕ್ಷಿಸಲೂ ಅದೇ ಮೊತ್ತ ಒದಗುತ್ತದೆ.

ಎಲ್ಲವನ್ನೂ ಒಂದೇ ಸಲ ಹೊಸದಾಗಿ ಬರೆಯಬೇಕಿಲ್ಲ. ಮೊದಲು, ಅಳಿಸಿ ಬರೆಯುವ ಸೌಲಭ್ಯವನ್ನು ನಿಲ್ಲಿಸಲಿ. ಆಮೇಲೆ ಹಳೆಯ ದಾರಿ, ಹೊಸ ಸಂಖ್ಯೆ ಎಂಬ ಎರಡು ಅಂಕಣದ ಪಟ್ಟಿಯೊಂದನ್ನು ಮಾಡಲಿ. ಸರ್ವರ್ ಆಮೇಲೆ ಬಂದರೂ ನಡೆಯುತ್ತದೆ. ಅಳಿಸಿಹೋದ ಫೋಟೋ ಬರುವುದಿಲ್ಲ.