ಕೊಂಬಿನ ಸೊಗಸು, ಜೋಡಿಯ ಸೊಗಸು

ಕೆ.ಆರ್. ಪೇಟೆ ಕಡೆಯವರು ರಾಸು ನೋಡುವಾಗ ಮೊದಲು ಕಣ್ಣು ಹಾಯಿಸುವುದು ಕೊಂಬಿನ ಮೇಲೆ. ನಾನೂ ಅಷ್ಟೇ. ಹಳ್ಳಿಕಾರ್ ಹೋರಿಯ ಕೊಂಬುಗಳು ನೆತ್ತಿಯ ಮೇಲೆ ಒಂದಕ್ಕೊಂದು ಒತ್ತಿಕೊಂಡಂತೆ ಹುಟ್ಟಿ, ಅರ್ಧದಷ್ಟು ದೂರ ನೆಟ್ಟಗೆ ಹಿಂದಕ್ಕೆ ಸಾಗಿ, ಆಮೇಲೆ ಯಾವ ಅವಸರವೂ ಇಲ್ಲದೆ, ಎಲ್ಲಿ ಬಾಗಿತೆಂದು ಬೆರಳಿಟ್ಟು ತೋರಿಸಲಾಗದ ಹಾಗೆ ಮುಂದಕ್ಕೆ ಬಾಗಿ, ಕರಿಮೊನೆಯಲ್ಲಿ ಮುಗಿಯುತ್ತವೆ. 2000ದಲ್ಲಿ ಅಂಚೆ ಇಲಾಖೆ ಈ ತಳಿಗೊಂದು ಅಂಚೆಚೀಟಿ ತಂದಿತು. ಸಂತೋಷವೇ, ಆದರೆ ಆ ಕೊಂಬಿಗೆ ಅಷ್ಟು ಜಾಗ ಎಲ್ಲಿ ಸಾಲಬೇಕು!

ಹೇಮಾವತಿ ದಂಡೆಯ ಹೇಮಗಿರಿಯಲ್ಲಿ ಕಲ್ಯಾಣ ವೆಂಕಟರಮಣಸ್ವಾಮಿಯ ತೇರಿನ ಹೊತ್ತಿಗೆ ದನಗಳ ಜಾತ್ರೆ ಕೂಡುತ್ತದೆ. ಶೋಕಿದಾರರು ತಮ್ಮ ಜೋಡಿಗಳನ್ನು ವಾದ್ಯದೊಂದಿಗೆ ಮೆರವಣಿಗೆಯಲ್ಲಿ ತಂದು ಚಪ್ಪರದಡಿ ಕಟ್ಟುತ್ತಾರೆ. ನಾನು ಹೋಗುವುದು ಈ ಜೋಡಿಗಳಿಗಾಗಿಯೇ. ಒಳ್ಳೆಯ ಹೋರಿ ಸಾಕುವುದು ಒಂದು ಕಸುಬು, ಅದಕ್ಕೆ ಹೆಗಲೆಣೆ ಹುಡುಕುವುದು ಇನ್ನೊಂದು. ಎತ್ತರ, ಹಲ್ಲು, ಕೊಂಬಿನ ಬಾಗು, ಹಣೆಯ ಉಬ್ಬು ಎಲ್ಲ ಕೂಡಬೇಕು. ಬಣ್ಣದ್ದಂತೂ ಬಲು ಸೂಕ್ಷ್ಮ. ಮೈಯೆಲ್ಲ ಬೂದುಬಿಳುಪು; ಬೀಜ ಒಡೆಸದ ಹೋರಿಯಾದರೆ ಭುಜಕ್ಕೂ ತೊಡೆಗೂ ಕಾರ್ಮೋಡ ಕವಿದಂಥ ಕಪ್ಪು. ಎರಡರಲ್ಲೂ ಆ ಕಪ್ಪು ಒಂದೇ ಜಾಗದಲ್ಲಿ ಕರಗಿ ಬೂದಿಗೆ ತಿರುಗಿದರೆ, ಬಲಗಡೆಯದು ಯಾವುದು ಎಡಗಡೆಯದು ಯಾವುದೆಂದು ಒಡೆಯನೇ ತಡವರಿಸಬೇಕು. ಜರ್ಮನಿಯ ಸ್ಯಾಕ್ಸನಿಯಲ್ಲಿ ಪ್ರದರ್ಶನಕ್ಕೆಂದೇ ಬಣ್ಣದ ಪಾರಿವಾಳ ಬೆಳೆಸುವವರು ಒಂದು ಗರಿಯ ಬಣ್ಣ ಅಂಚು ದಾಟಿದರೂ ಮುಖ ಸಿಂಡರಿಸುತ್ತಾರಂತೆ. ಅವರು ಹೇಮಗಿರಿಗೆ ಬಂದರೆ ನಮ್ಮವರೊಡನೆ ಮಾತಿಗೆ ಕೊರತೆಯಾಗದು.

ಈ ಅಂದದ ಹಿಂದೆ ವರ್ಷಗಳ ಆರೈಕೆಯಿದೆ. ಹುರುಳಿ ಬೇಯಿಸಿ ಹಾಕಬೇಕು, ಮೈ ತಿಕ್ಕಿ ತೊಳೆಯಬೇಕು, ಕೊಂಬು ಹೆರೆದು ಎಣ್ಣೆ ಸವರಬೇಕು. ಇದರ ಬೇರು ಅರಮನೆಯವರೆಗೂ ಹೋಗುತ್ತದೆ: ಚಿಕ್ಕದೇವರಾಜ ಒಡೆಯರ ರಾಸು ಸಾಕಣೆಯ ಇಲಾಖೆಯಾದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಶ್ರೀರಂಗಪಟ್ಟಣದ ಫಿರಂಗಿ ಗಾಡಿ ಎಳೆದದ್ದು ಹಳ್ಳಿಕಾರಿನ ನೆಂಟ ರಾಸುಗಳೇ.

ಕಟ್ಟಿದ ಜೋಡಿಯನ್ನಷ್ಟೇ ನೋಡಿ ಬಂದುಬಿಡಬೇಡಿ. ಬಿಚ್ಚಿ ನಡೆಸಲು ಹೇಳಿ. ಉದ್ದ ಮುಖ ತುಸು ಮೇಲೆತ್ತಿ, ಚೂಪು ಕಿವಿ ನಿಮಿರಿಸಿ, ಸಣ್ಣ ಗಂಗೆದೊಗಲು ಅಲುಗಿತೋ ಇಲ್ಲವೋ ಎನ್ನುವ ಹಾಗೆ, ನಾಲ್ಕು ಮುಂಗಾಲೂ ಒಂದೇ ಲಯಕ್ಕೆ ಏಳುತ್ತ ಬೀಳುತ್ತ ಬರುತ್ತವೆ. ಅಷ್ಟರಲ್ಲಿ ಪಕ್ಕದಲ್ಲಿ ದಲ್ಲಾಳಿಯ ಕೈ ಟವೆಲ್ಲಿನಡಿ ಸೇರಿದ್ದರೆ, ಬೆಲೆ ಕೇಳಲು ನೀವು ತಡಮಾಡಿದಿರಿ ಎಂದೇ ಲೆಕ್ಕ.